ಓಡುತ್ತಿರುವ ಪರ್ಲ್ ಸ್ಕ್ರಿಪ್ಟ್ ಈಗ ಯಾವ ಸಬ್‌ರೂಟೀನ್‌ನಲ್ಲಿದೆ? ನಿಲ್ಲಿಸದೆ ನೋಡುವ ದಾರಿ

ಪ್ರಶ್ನೆ: ನಾನು ಒಂದು ಸಹಕಾರಿ ಸಂಘದ ಐಟಿ ವಿಭಾಗದಲ್ಲಿದ್ದೇನೆ. ಠೇವಣಿಗಳಿಗೆ ಬಡ್ಡಿ ಲೆಕ್ಕ ಹಾಕುವ ಪರ್ಲ್ ಸ್ಕ್ರಿಪ್ಟ್ ಒಂದು ನಮ್ಮಲ್ಲಿ ದಿನಾ ರಾತ್ರಿ ಕ್ರಾನ್‌ನಿಂದ (ಗೊತ್ತು ಮಾಡಿದ ಹೊತ್ತಿಗೆ ತಾನಾಗಿ ಕೆಲಸ ಓಡಿಸುವ ವ್ಯವಸ್ಥೆ) ಓಡುತ್ತದೆ. ಅದನ್ನು ಬರೆದವರು ಕೆಲಸ ಬಿಟ್ಟು ವರ್ಷಗಳಾದವು. ಮೊದಲು ಅರ್ಧ ಗಂಟೆಯಲ್ಲಿ ಮುಗಿಯುತ್ತಿತ್ತು, ಈಗ ನಾಲ್ಕು ಗಂಟೆ ಹಿಡಿಯುತ್ತದೆ. ಮಧ್ಯದಲ್ಲಿ ನಿಲ್ಲಿಸಿದರೆ ಲೆಕ್ಕ ಅರ್ಧಂಬರ್ಧ ಆಗುತ್ತದೆ. ಕೋಡ್ ಮುಟ್ಟಲು ಅನುಮತಿ ಇಲ್ಲ. ಓಡುತ್ತಿರುವಾಗಲೇ ಯಾವ ಸಬ್‌ರೂಟೀನ್ (ಬೇಕಾದಾಗ ಕರೆಯುವ ಕೋಡ್‌ನ ತುಂಡು) ಯಾವುದನ್ನು ಕರೆಯುತ್ತಿದೆ ಅಂತ ಕಮಾಂಡ್ ಲೈನ್‌ನಿಂದ ನೋಡಬಹುದಾ? ಎಸ್‌ಟ್ರೇಸ್ ಹಾಕಿ ನೋಡಿದೆ. ರೀಡ್, ರೈಟ್ ಅಂತ ಸಾಲು ಸಾಲು ಬಂತೇ ಹೊರತು ಸಬ್‌ರೂಟೀನ್ ಹೆಸರು ಒಂದೂ ಕಾಣಲಿಲ್ಲ. ಇನ್ನೊಂದು ಮಾತು, ಹೀಗೆ ಇಣುಕುವುದರಿಂದ ಸ್ಕ್ರಿಪ್ಟ್‌ಗೆ ಅಪಾಯ ಇದೆಯಾ?

ಉತ್ತರ: ನೋಡಬಹುದು. ಸ್ಕ್ರಿಪ್ಟ್ ನಿಲ್ಲಿಸಬೇಕಿಲ್ಲ, ಕೋಡ್‌ನ ಒಂದು ಸಾಲನ್ನೂ ಮುಟ್ಟಬೇಕಿಲ್ಲ. ಲಿನಕ್ಸ್‌ನಲ್ಲಿ ಇದಕ್ಕೆಂದೇ ಪರ್ಲ್‌ಫ್ಲೋ ಮತ್ತು ಪರ್ಲ್‌ಕಾಲ್ಸ್ ಅನ್ನುವ ಎರಡು ಸಣ್ಣ ಟೂಲ್‌ಗಳಿವೆ. ನೀವು ಕೇಳಿದ್ದಕ್ಕೆ ಹೆಸರಲ್ಲಿ ಸರಿಯಾಗಿ ಹೊಂದುವುದು ಪರ್ಲ್‌ಫ್ಲೋ. ಆದರೆ ನಾನು ಅದನ್ನು ಮೊದಲು ಹಾಕಬೇಡಿ ಅನ್ನುತ್ತೇನೆ. ಮೊದಲು ಪರ್ಲ್‌ಕಾಲ್ಸ್‌ನಿಂದ ಎಣಿಕೆ, ಆಮೇಲೆ ಪರ್ಲ್‌ಫ್ಲೋದಿಂದ ಹರಿವು. ಯಾಕೆ ಅನ್ನುವುದು ಮುಂದೆ ಬರುತ್ತದೆ.

ಕಮಾಂಡ್‌ಗಳನ್ನು ಇಲ್ಲಿ ಬಾಯಲ್ಲಿ ಹೇಳಿದ ಹಾಗೆ ಕನ್ನಡದಲ್ಲೇ ಬರೆದಿದ್ದೇನೆ. ನೀವು ಟೈಪ್ ಮಾಡುವಾಗ ಇಂಗ್ಲಿಷ್ ಸಣ್ಣಕ್ಷರದಲ್ಲಿ ಮಾಡಿ. ದೊಡ್ಡಕ್ಷರ ಬೇಕಾದ ಕಡೆ ಹೇಳುತ್ತೇನೆ.

ಎಸ್‌ಟ್ರೇಸ್‌ನಲ್ಲಿ ಹೆಸರು ಯಾಕೆ ಕಾಣಲಿಲ್ಲ? ಅದು ನೋಡುವುದು ಪ್ರೊಸೆಸ್ (ಓಡುತ್ತಿರುವ ಪ್ರೋಗ್ರಾಂ) ಮತ್ತು ಕರ್ನಲ್ (ಲಿನಕ್ಸ್‌ನ ತಿರುಳು) ನಡುವಿನ ವ್ಯವಹಾರ ಮಾತ್ರ. ಅಡುಗೆಮನೆ ಬಾಗಿಲಲ್ಲಿ ನಿಂತು ಒಳಗೆ ಹೋಗುವ ಸಾಮಾನು, ಹೊರಗೆ ಬರುವ ತಟ್ಟೆ ಎಣಿಸಿದ ಹಾಗೆ. ಒಳಗೆ ಯಾರು ಹೆಚ್ಚುತ್ತಿದ್ದಾರೆ, ಯಾರು ಒಗ್ಗರಣೆ ಹಾಕುತ್ತಿದ್ದಾರೆ ಅಂತ ಅಲ್ಲಿಂದ ಕಾಣುವುದಿಲ್ಲ. ಒಂದು ಪರ್ಲ್ ಸಬ್‌ರೂಟೀನ್ ಇನ್ನೊಂದನ್ನು ಕರೆದಾಗ ಕರ್ನಲ್‌ಗೆ ಅದರ ಸುದ್ದಿಯೇ ಹೋಗುವುದಿಲ್ಲ. ಎಲ್ಲ ಪರ್ಲ್ ಇಂಟರ್‌ಪ್ರಿಟರ್‌ನ, ಅಂದರೆ ಸ್ಕ್ರಿಪ್ಟ್ ಓದಿ ಓಡಿಸುವ ಪ್ರೋಗ್ರಾಂನ, ಒಳಗೇ ನಡೆಯುತ್ತದೆ. ಸಿ ಡೀಬಗರ್ ಆದ ಜಿಡಿಬಿ ಹಾಕಿದರೂ ಕಾಣುವುದು ಇಂಟರ್‌ಪ್ರಿಟರ್‌ನ ಸ್ವಂತ ಫಂಕ್ಷನ್‌ಗಳು. ನಿಮ್ಮ ಯಾವ ಸಬ್‌ರೂಟೀನ್ ಕರೆದರೂ ಅಲ್ಲಿ ಪರ್ಲ್_ಪಿಪಿ_ಎಂಟರ್‌ಸಬ್ ಅನ್ನುವ ಒಂದೇ ಹೆಸರು. ಬಡ್ಡಿ ಲೆಕ್ಕವೋ, ಲಾಗ್ ಬರೆಯುವುದೋ, ಅದಕ್ಕೆ ವ್ಯತ್ಯಾಸ ಗೊತ್ತಿಲ್ಲ.

ಹಾಗಾದರೆ ಹೆಸರು ಹೇಳಬಲ್ಲದ್ದು ಇಂಟರ್‌ಪ್ರಿಟರ್ ಒಂದೇ. ಅದೃಷ್ಟಕ್ಕೆ ಪರ್ಲ್ ಬೆಳೆಸಿದವರು ಇದಕ್ಕೆ ದಾರಿ ಇಟ್ಟಿದ್ದಾರೆ. ಸನ್ ಕಂಪನಿಯವರು 2005ರಲ್ಲಿ ಸೋಲಾರಿಸ್ 10 ಜೊತೆ ಡಿಟ್ರೇಸ್ ಅನ್ನುವ ಟೂಲ್ ಬಿಟ್ಟರು. ಓಡುತ್ತಿರುವ ಪ್ರೋಗ್ರಾಂ ಒಳಗೆ, ಅದನ್ನು ನಿಲ್ಲಿಸದೆ ನೋಡುವ ಟೂಲ್ ಅದು. ಅದಕ್ಕಾಗಿ 2009ರ ಪರ್ಲ್ 5.10.1ರಲ್ಲಿ ಇಂಟರ್‌ಪ್ರಿಟರ್ ಒಳಗೇ ಪ್ರೋಬ್‌ಗಳನ್ನು, ಅಂದರೆ ಹೊರಗಿನ ಟೂಲ್ ಕಿವಿಗೊಡಬಹುದಾದ ಜಾಗಗಳನ್ನು, ಸೇರಿಸಿದರು. ನಿಮಗೆ ಬೇಕಾದವು ಎರಡು. ಸಬ್-ಎಂಟ್ರಿ, ಅಂದರೆ ಸಬ್‌ರೂಟೀನ್ ಒಳಗೆ ಹೋದಾಗ. ಸಬ್-ರಿಟರ್ನ್, ಅಂದರೆ ಹೊರಗೆ ಬಂದಾಗ. ಒಂದೊಂದು ಪ್ರೋಬೂ ನಾಲ್ಕು ಸಂಗತಿ ಹೇಳುತ್ತದೆ: ಸಬ್‌ರೂಟೀನ್ ಹೆಸರು, ಫೈಲ್, ಸಾಲಿನ ಸಂಖ್ಯೆ, ಪ್ಯಾಕೇಜ್.

ಲಿನಕ್ಸ್‌ನಲ್ಲಿ ಇವೇ ಪ್ರೋಬ್‌ಗಳನ್ನು ಇಬಿಪಿಎಫ್ (ಕರ್ನಲ್ ಒಳಗೇ ಸಣ್ಣ ಪ್ರೋಗ್ರಾಂ ಓಡಿಸುವ ಸೌಲಭ್ಯ) ಮೂಲಕ ಕೇಳಿಸಿಕೊಳ್ಳಬಹುದು. ಸುಮ್ನೆ ಇದ್ದಾಗ ಪ್ರೋಬ್ ಅಂದರೆ ಬೈನರಿಯಲ್ಲಿ ಏನೂ ಮಾಡದ ಒಂದು ಖಾಲಿ ಇನ್‌ಸ್ಟ್ರಕ್ಷನ್, ಅಷ್ಟೇ. ನೀವು ಟೂಲ್ ಹಾಕಿದಾಗ ಕರ್ನಲ್ ಆ ಜಾಗದಲ್ಲಿ ಬ್ರೇಕ್‌ಪಾಯಿಂಟ್ ಇಡುತ್ತದೆ, ತೆಗೆದಾಗ ಮತ್ತೆ ಖಾಲಿ ಮಾಡುತ್ತದೆ. ಸ್ಕ್ರಿಪ್ಟ್‌ಗೆ ಇದ್ಯಾವುದೂ ತಿಳಿಯುವುದಿಲ್ಲ.

ಈಗ ಕೆಲಸಕ್ಕೆ ಬರೋಣ. ಮೊದಲು ಸರಿಯಾದ ಪ್ರೊಸೆಸ್ ಹಿಡಿಯಬೇಕು. ಕ್ರಾನ್‌ನಿಂದ ಹೊರಟ ಕೆಲಸಗಳಲ್ಲಿ ಮೇಲೆ ಒಂದು ಶೆಲ್ ಇರುತ್ತದೆ, ಅದರ ಕೆಳಗೆ ಪರ್ಲ್. ಕೆಲವು ಸ್ಕ್ರಿಪ್ಟ್‌ಗಳು ತಾವೇ ಫೋರ್ಕ್ ಮಾಡಿ ನಾಲ್ಕೈದು ಮಕ್ಕಳನ್ನು ಬಿಡುತ್ತವೆ. ತಂದೆ ಪ್ರೊಸೆಸ್ ಸುಮ್ನೆ ಕಾಯುತ್ತಾ ಕೂತಿರುತ್ತದೆ. ಅದಕ್ಕೆ ಟೂಲ್ ಹಾಕಿ ಏನೂ ಬರಲಿಲ್ಲ ಅಂತ ಬಿಟ್ಟುಬಿಡುವವರು ಬಹಳ ಜನ. ಪಿಗ್ರೆಪ್ -ಎಎಫ್ ಪರ್ಲ್ ಅಂತ ಕೊಟ್ಟರೆ ಎಲ್ಲ ಪರ್ಲ್ ಪ್ರೊಸೆಸ್‌ಗಳೂ ಪೂರ್ತಿ ಕಮಾಂಡ್ ಸಮೇತ ಬರುತ್ತವೆ. ಪಿಎಸ್‌ಟ್ರೀ -ಪಿ ಕೊಟ್ಟರೆ ಯಾರು ಯಾರ ಮಗು ಅಂತ ಕಾಣುತ್ತದೆ. ಟಾಪ್‌ನಲ್ಲಿ ಯಾವುದು ಸಿಪಿಯು ತಿನ್ನುತ್ತಿದೆಯೋ ಅದರ ಪಿಐಡಿ, ಅಂದರೆ ಪ್ರೊಸೆಸ್ ಸಂಖ್ಯೆ, ಬರೆದುಕೊಳ್ಳಿ. ಉದಾಹರಣೆಗೆ 4312 ಅಂತಿಟ್ಟುಕೊಳ್ಳೋಣ.

ಟಾಪ್‌ನಲ್ಲಿ ಇದ್ದಾಗಲೇ ಇನ್ನೊಂದು ಕಾಲಂ ನೋಡಿ. ಸ್ಟೇಟ್ ಏನಿದೆ? ಆರ್ ಇದ್ದರೆ ಓಡುತ್ತಿದೆ. ಎಸ್ ಇದ್ದರೆ ಯಾವುದಕ್ಕೋ ಕಾಯುತ್ತಿದೆ. ಡಿ ಇದ್ದರೆ ಹೆಚ್ಚಾಗಿ ಡಿಸ್ಕ್‌ಗೆ ಕಾಯುತ್ತಿದೆ. ನಾಲ್ಕು ಗಂಟೆಯ ಬಹುಪಾಲು ಎಸ್ ಅಂತಲೇ ಇದ್ದರೆ ನಿಮ್ಮ ತೊಂದರೆ ಸಬ್‌ರೂಟೀನ್‌ಗಳಲ್ಲಿ ಇಲ್ಲ, ಡೇಟಾಬೇಸ್‌ನಲ್ಲಿ ಇರುವ ಸಾಧ್ಯತೆ ಜಾಸ್ತಿ. ಆಗ ಮೈಎಸ್‌ಕ್ಯೂಎಲ್ ಆದರೆ ಶೋ ಪ್ರೊಸೆಸ್‌ಲಿಸ್ಟ್, ಪೋಸ್ಟ್‌ಗ್ರೆಸ್ ಆದರೆ ಪಿಜಿ_ಸ್ಟ್ಯಾಟ್_ಆಕ್ಟಿವಿಟಿ. ಅಲ್ಲಿ ಯಾವ ಕ್ವೆರಿ ಎಷ್ಟು ಹೊತ್ತಿನಿಂದ ನಿಂತಿದೆ ನೋಡಿದರೆ ಈ ಉತ್ತರದ ಉಳಿದ ಭಾಗ ನಿಮಗೆ ಬೇಕಾಗದೇ ಹೋಗಬಹುದು.

ಎರಡನೆಯದು, ಯಾವ ಪರ್ಲ್ ಓಡುತ್ತಿದೆ ಅಂತ ಖಚಿತ ಮಾಡಿಕೊಳ್ಳಿ. ಹಳೇ ಸರ್ವರ್‌ಗಳಲ್ಲಿ ಸಿಸ್ಟಂ ಜೊತೆ ಬಂದ ಪರ್ಲ್ ಒಂದು, ಯಾರೋ ಪರ್ಲ್‌ಬ್ರೂ (ಬೇರೆ ಬೇರೆ ಪರ್ಲ್ ಹಾಕಿಕೊಳ್ಳುವ ಟೂಲ್) ಬಳಸಿ ಹಾಕಿದ ಪರ್ಲ್ ಇನ್ನೊಂದು ಇರುವುದು ಮಾಮೂಲಿ. ಪ್ರಾಕ್ ಡೈರೆಕ್ಟರಿಯಲ್ಲಿ 4312ರ ಒಳಗೆ ಎಕ್ಸ್ ಅನ್ನುವ ಲಿಂಕ್ ಇದೆ, ಇ-ಎಕ್ಸ್-ಇ. ಎಲ್‌ಎಸ್ -ಎಲ್ ಹಾಕಿದರೆ ಅದು ನಿಜವಾದ ಬೈನರಿಯ ದಾರಿ ತೋರಿಸುತ್ತದೆ. ಅದೇ ಬೈನರಿಯನ್ನು ಪೂರ್ತಿ ದಾರಿ ಸಮೇತ ಕರೆದು ಹೀಗೆ ಕೇಳಿ, ವಿ ದೊಡ್ಡಕ್ಷರ:

ಪರ್ಲ್ -ವಿ:ಯೂಸ್‌ಡಿಟ್ರೇಸ್

ಉತ್ತರದಲ್ಲಿ ಡಿಫೈನ್ ಅಂತ ಬಂದರೆ ಪ್ರೋಬ್‌ಗಳಿವೆ. ಖಾಲಿ ಅಥವಾ ಅನ್‌ಡೆಫ್ ಬಂದರೆ ಆ ಪರ್ಲ್ ಕಂಪೈಲ್ ಮಾಡುವಾಗ ಸೇರಿಸಿಲ್ಲ. ಪರ್ಲ್‌ಬ್ರೂನಲ್ಲಿ ಹಾಕುವಾಗ ಯಾರೂ ಈ ಆಯ್ಕೆ ನೆನಪಿಟ್ಟು ಕೊಡುವುದಿಲ್ಲ, ಹಾಗಾಗಿ ಅಲ್ಲಿ ಇಲ್ಲದಿರುವುದೇ ಜಾಸ್ತಿ. ಇಲ್ಲದಿದ್ದರೆ ಏನು ಮಾಡಬೇಕು ಅಂತ ಕೆಳಗೆ ಹೇಳಿದ್ದೇನೆ. ಸದ್ಯಕ್ಕೆ ಇದೆ ಅಂದುಕೊಳ್ಳೋಣ.

ಟೂಲ್‌ಗಳು ಬಿಸಿಸಿ ಅನ್ನುವ ಕಟ್ಟಿನಲ್ಲಿವೆ. ಡೆಬಿಯನ್, ಉಬುಂಟುಗಳಲ್ಲಿ ಪ್ಯಾಕೇಜ್ ಹೆಸರು ಬಿಪಿಎಫ್‌ಸಿಸಿ-ಟೂಲ್ಸ್, ಕಮಾಂಡ್‌ಗಳ ಕೊನೆಗೂ -ಬಿಪಿಎಫ್‌ಸಿಸಿ ಬಾಲ ಇರುತ್ತದೆ. ಫೆಡೋರಾ, ರೆಡ್‌ಹ್ಯಾಟ್ ಕಡೆ ಪ್ಯಾಕೇಜ್ ಹೆಸರು ಬಿಸಿಸಿ-ಟೂಲ್ಸ್, ಬಾಲ ಇಲ್ಲ. ಆದರೆ ಟೂಲ್‌ಗಳು ಯುಎಸ್‌ಆರ್, ಶೇರ್, ಬಿಸಿಸಿ, ಟೂಲ್ಸ್ ಅನ್ನುವ ಡೈರೆಕ್ಟರಿಯಲ್ಲಿ ಕೂತಿರುತ್ತವೆ, ಪೂರ್ತಿ ದಾರಿ ಕೊಟ್ಟು ಕರೆಯಬೇಕು. ಎರಡೂ ಕಡೆ ರೂಟ್ ಹಕ್ಕು ಬೇಕೇ ಬೇಕು. ಅಡ್ಮಿನ್ ಬೇರೆಯವರಾಗಿದ್ದರೆ ರಾತ್ರಿ ಕೆಲಸ ಶುರುವಾಗುವ ಮೊದಲೇ ಅವರ ಹತ್ತಿರ ಮಾತಾಡಿ ಇಟ್ಟುಕೊಳ್ಳಿ.

ಈಗ ಎಣಿಕೆ. ಟಿ ದೊಡ್ಡಕ್ಷರ:

ಸುಡೊ ಪರ್ಲ್‌ಕಾಲ್ಸ್ -ಟಿ 10 4312 5

ಪ್ರತಿ 5 ಸೆಕೆಂಡಿಗೆ ಒಮ್ಮೆ, ಅಷ್ಟರಲ್ಲಿ ಜಾಸ್ತಿ ಸಲ ಕರೆದ 10 ಸಬ್‌ರೂಟೀನ್‌ಗಳ ಪಟ್ಟಿ ಬರುತ್ತದೆ. ಸಾಕಾದಾಗ ಕಂಟ್ರೋಲ್-ಸಿ. ಟೂಲ್ ನಿಲ್ಲುತ್ತದೆ, ಸ್ಕ್ರಿಪ್ಟ್ ತನ್ನ ಪಾಡಿಗೆ ಓಡುತ್ತಿರುತ್ತದೆ.

ನಿಮ್ಮ ಕೋಡ್ ನಾನು ನೋಡಿಲ್ಲ. ಆದರೆ ಇಂಥ ಬಡ್ಡಿ ಸ್ಕ್ರಿಪ್ಟ್‌ಗಳಲ್ಲಿ ಬರಬಹುದಾದ ಒಂದು ಪಟ್ಟಿ ಹೀಗಿರುತ್ತದೆ ಅಂತಿಟ್ಟುಕೊಳ್ಳಿ:

ಪಾರ್ಸ್_ಲೈನ್ 5,40,000
ಗೆಟ್_ರೇಟ್ 3,600
ಲೋಡ್_ರೇಟ್ಸ್ 3,600
ಕ್ಯಾಲ್ಕ್_ಇಂಟರೆಸ್ಟ್ 40

ಈ ನಾಲ್ಕು ಸಾಲನ್ನು ನಿಧಾನವಾಗಿ ಓದಬೇಕು. 5 ಸೆಕೆಂಡಿನಲ್ಲಿ 40 ಖಾತೆಗಳ ಲೆಕ್ಕ ಆಗಿದೆ. ಅಷ್ಟಕ್ಕೆ ಗೆಟ್_ರೇಟ್ 3,600 ಸಲ ಓಡಿದೆ. 3,600ನ್ನು 40ರಿಂದ ಭಾಗಿಸಿ, 90 ಬರುತ್ತದೆ. ತ್ರೈಮಾಸಿಕದಲ್ಲಿ ಸುಮಾರು 90 ದಿನ, ಅಲ್ವಾ? ಅಂದರೆ ಒಂದೊಂದು ಖಾತೆಗೂ ದಿನಕ್ಕೊಮ್ಮೆ ಬಡ್ಡಿ ದರ ಹುಡುಕುತ್ತಿದ್ದಾರೆ. ಅದೇನೋ ಸರಿ, ದಿನದ ಬಾಕಿ ಮೇಲೆ ಬಡ್ಡಿ ಹಾಕುವಾಗ ಹಾಗೆ ಬರೆಯುವುದು ಸಹಜ. ಆದರೆ ಲೋಡ್_ರೇಟ್ಸ್ ಕೂಡ 3,600 ಸಲ ಓಡಿದೆ. ಗೆಟ್_ರೇಟ್ ಎಷ್ಟೋ ಅಷ್ಟೇ. ದರಗಳ ಫೈಲನ್ನು ಒಮ್ಮೆ ಓದಿ ಇಟ್ಟುಕೊಳ್ಳುವ ಬದಲು ಪ್ರತಿ ಸಲವೂ ಹೊಸದಾಗಿ ಓದುತ್ತಿದ್ದಾರೆ ಅಂತ ಆಯಿತು. 5,40,000ನ್ನು 3,600ರಿಂದ ಭಾಗಿಸಿದರೆ 150. ಆ ಫೈಲ್‌ನಲ್ಲಿ 150 ಸಾಲುಗಳಿವೆ.

ನಿಮ್ಮ ಅರ್ಧ ಗಂಟೆ ನಾಲ್ಕು ಗಂಟೆ ಆಗಿದ್ದಕ್ಕೂ ಇಂಥದ್ದೇ ಕಾರಣ ಇರಬಹುದು. ದರ ಬದಲಾದಾಗಲೆಲ್ಲ ಫೈಲ್‌ಗೆ ಒಂದೆರಡು ಸಾಲು ಸೇರುತ್ತದೆ, ಹಳೆಯವು ಅಳಿಯುವುದಿಲ್ಲ. ಖಾತೆಗಳು ಅಷ್ಟೇ ಇದ್ದರೂ ವರ್ಷದಿಂದ ವರ್ಷಕ್ಕೆ ಓದುವ ಸಾಲು ಹೆಚ್ಚುತ್ತದೆ. ಇಷ್ಟನ್ನೂ ಕೋಡ್ ತೆರೆಯದೆ, ಬರೀ ಎಣಿಕೆಯಿಂದ ಹೇಳಬಹುದು. ಅದಕ್ಕೇ ನನಗೆ ಈ ಟೂಲ್ ಮೇಲೆ ಅಷ್ಟು ನಂಬಿಕೆ. ಎಣಿಕೆಗಳ ನಡುವಿನ ಭಾಗಾಕಾರದಲ್ಲೇ ಪ್ರೋಗ್ರಾಂನ ಲೂಪ್‌ಗಳು ಕಾಣುತ್ತವೆ.

ಇದಕ್ಕೆ ಎಲ್ ದೊಡ್ಡಕ್ಷರದ ಆಯ್ಕೆ ಸೇರಿಸಿದರೆ ಸಬ್‌ರೂಟೀನ್‌ಗಳಲ್ಲಿ ಕಳೆದ ಸಮಯವೂ ಬರುತ್ತದೆ. ಆ ಸಮಯದಲ್ಲಿ ಒಳಗೆ ಕರೆದ ಸಬ್‌ರೂಟೀನ್‌ಗಳದ್ದೂ ಸೇರಿರುತ್ತದೆ. ಹಾಗಾಗಿ ಕ್ಯಾಲ್ಕ್_ಇಂಟರೆಸ್ಟ್ ಸಮಯ ದೊಡ್ಡದಿದ್ದರೆ ತಪ್ಪು ಅದರದ್ದೇ ಅಂದುಕೊಳ್ಳಬೇಡಿ. ತನ್ನನ್ನು ತಾನೇ ಕರೆಯುವ ರಿಕರ್ಸಿವ್ ಸಬ್‌ರೂಟೀನ್ ಇದ್ದರೆ ಅದರ ಸಮಯವನ್ನು ನಂಬಲೇಬೇಡಿ, ಎಣಿಕೆ ಮಾತ್ರ ತೆಗೆದುಕೊಳ್ಳಿ.

ಈಗ ಹರಿವು. ಯಾವುದು ಯಾವುದನ್ನು ಕರೆಯುತ್ತಿದೆ ಅನ್ನುವ ನಿಮ್ಮ ಮೂಲ ಪ್ರಶ್ನೆಗೆ ಉತ್ತರ ಇಲ್ಲಿ. ಪರ್ಲ್‌ಫ್ಲೋ ಪ್ರತಿ ಒಳಹೋಗುವಿಕೆಗೆ ಒಂದು ಸಾಲು, ಪ್ರತಿ ಹೊರಬರುವಿಕೆಗೆ ಒಂದು ಸಾಲು ಬರೆಯುತ್ತದೆ. ಮೇಲಿನ ಲೆಕ್ಕದಲ್ಲಿ ಪಾರ್ಸ್_ಲೈನ್ ಒಂದಕ್ಕೇ ಸೆಕೆಂಡಿಗೆ 2 ಲಕ್ಷಕ್ಕೂ ಹೆಚ್ಚು ಸಾಲು. ಇದನ್ನು ನೇರ ಟರ್ಮಿನಲ್‌ಗೆ ಬಿಟ್ಟರೆ ಓದಲು ಆಗುವುದಿಲ್ಲ. ಬಫರ್ ತುಂಬಿ ಎಷ್ಟೋ ಸಾಲು ಕಳೆದುಹೋಗುತ್ತವೆ, ಟೂಲ್ ಅದನ್ನು ಹೇಳುತ್ತದೆ ಕೂಡ. ಅದಕ್ಕೇ ಎಣಿಕೆ ಮೊದಲು ಅಂದಿದ್ದು. ಎಣಿಕೆ ನೋಡಿದ ಮೇಲೆ ಎಷ್ಟು ಹೊತ್ತು ಹಾಕಬೇಕು, ಯಾವ ಹೆಸರಿಗೆ ಹಾಕಬೇಕು ಅಂತ ನಿಮಗೆ ಗೊತ್ತಿರುತ್ತದೆ.

ಎರಡು ರೀತಿ ಮಾಡಬಹುದು. ಒಂದು, ಬಹಳ ಸಣ್ಣ ಅವಧಿಗೆ ಎಲ್ಲವನ್ನೂ ಫೈಲ್‌ಗೆ ಹಿಡಿಯುವುದು:

ಸುಡೊ ಟೈಮ್‌ಔಟ್ -ಎಸ್ ಇಂಟ್ 5 ಪರ್ಲ್‌ಫ್ಲೋ 4312 > ಹರಿವು.ಟಿಎಕ್ಸ್‌ಟಿ

ಇಲ್ಲಿ ಇಂಟ್ ದೊಡ್ಡಕ್ಷರ. ಕಂಟ್ರೋಲ್-ಸಿ ಒತ್ತಿದ ಹಾಗೇ ಟೂಲ್ ಮರ್ಯಾದೆಯಿಂದ ನಿಲ್ಲಲಿ ಅಂತ ಆ ಸಿಗ್ನಲ್. ಟೂಲ್ ಸಜ್ಜಾಗಲು ಒಂದೆರಡು ಸೆಕೆಂಡ್ ಬೇಕಾಗುವುದರಿಂದ 5 ಕೊಟ್ಟಿದ್ದೇನೆ. ಇನ್ನೊಂದು, ಎಂ ದೊಡ್ಡಕ್ಷರದ ಆಯ್ಕೆ ಕೊಟ್ಟು ಹೆಸರಿನ ಶುರುವಿನಿಂದ ಸೋಸುವುದು. -ಎಂ ಲೋಡ್ ಅಂದರೆ ಲೋಡ್ ಅಂತ ಶುರುವಾಗುವ ಸಬ್‌ರೂಟೀನ್‌ಗಳು ಮಾತ್ರ. ಸಾಲು ಕಡಿಮೆಯಾಗುತ್ತದೆ, ಆದರೆ ಯಾರು ಕರೆದರು ಅನ್ನುವ ಕೊಂಡಿ ತಪ್ಪಿಹೋಗುತ್ತದೆ. ನಿಮ್ಮ ಕೆಲಸಕ್ಕೆ ಮೊದಲನೆಯದೇ ಒಳ್ಳೆಯದು.

ಫೈಲ್ ತೆರೆದರೆ ಎಡಗಡೆ ಸಿಪಿಯು, ಪಿಐಡಿ, ಸಮಯ ಎಲ್ಲ ಇರುತ್ತದೆ. ಬಲಗಡೆ ಹೀಗೆ:

-> ರೇಟ್ಸ್.ಪಿಎಂ.ಗೆಟ್_ರೇಟ್
  -> ರೇಟ್ಸ್.ಪಿಎಂ.ಲೋಡ್_ರೇಟ್ಸ್
    -> ರೇಟ್ಸ್.ಪಿಎಂ.ಪಾರ್ಸ್_ಲೈನ್
    <- ರೇಟ್ಸ್.ಪಿಎಂ.ಪಾರ್ಸ್_ಲೈನ್

ಬಲಕ್ಕೆ ಬಾಣ ಅಂದರೆ ಒಳಗೆ, ಎಡಕ್ಕೆ ಬಾಣ ಅಂದರೆ ಹೊರಗೆ. ಒಳಗೆ ಹೋದಷ್ಟೂ ಸಾಲು ಬಲಕ್ಕೆ ಸರಿಯುತ್ತದೆ. ಸಬ್‌ರೂಟೀನ್ ಹೆಸರಿನ ಹಿಂದೆ ಇರುವುದು ಫೈಲ್‌ನ ಹೆಸರು, ಪ್ಯಾಕೇಜ್‌ನದ್ದಲ್ಲ. ಇದು ಗೊತ್ತಿಲ್ಲದಿದ್ದರೆ ಗೊಂದಲ ಆಗುತ್ತದೆ. ಹೆಸರಿಲ್ಲದ ಸಬ್‌ರೂಟೀನ್‌ಗಳೆಲ್ಲ ಅನಾನ್ ಅಂತ ಒಂದೇ ಹೆಸರಲ್ಲಿ ಬರುತ್ತವೆ. ಹಳೇ ಕೋಡ್‌ಗಳಲ್ಲಿ ಆಟೋಲೋಡ್ (ಇಲ್ಲದ ಹೆಸರು ಕರೆದಾಗ ಓಡುವ ಸಬ್‌ರೂಟೀನ್) ಬಳಸಿದ್ದರೆ ಆ ಹೆಸರೂ ಕಾಣುತ್ತದೆ.

ಒಂದು ಮಿತಿ ನೆನಪಿಡಿ. ನೀವು ನಡುವೆ ಬಂದು ಕಿವಿಗೊಟ್ಟಿದ್ದೀರಿ. ಅದಕ್ಕಿಂತ ಮೊದಲೇ ಒಳಗೆ ಹೋಗಿ ಇನ್ನೂ ಮುಗಿಯದ ಸಬ್‌ರೂಟೀನ್‌ಗಳು ಇಲ್ಲಿ ಕಾಣುವುದಿಲ್ಲ. ಎಲ್ಲಕ್ಕಿಂತ ಹೊರಗಿನ ಲೂಪ್ ಯಾವುದರಲ್ಲಿದೆ ಅನ್ನುವುದನ್ನು ಕೋಡ್‌ನಲ್ಲಿ ಹುಡುಕಿ ನೋಡಬೇಕು. ಕೋಡ್ ಮುಟ್ಟಲು ಮಾತ್ರ ತಾನೇ ಅನುಮತಿ ಇಲ್ಲದಿರುವುದು, ಓದಲು ಅಡ್ಡಿ ಇರಲಿಕ್ಕಿಲ್ಲ.

ಇನ್ನೊಂದು ಮಿತಿ ಇದಕ್ಕಿಂತ ದೊಡ್ಡದು. ಪ್ರೋಬ್‌ಗಳು ಪರ್ಲ್‌ನಲ್ಲಿ ಬರೆದ ಸಬ್‌ರೂಟೀನ್‌ಗಳಿಗೆ ಮಾತ್ರ. ಸಾರ್ಟ್, ಸ್ಪ್ಲಿಟ್, ರೆಜೆಕ್ಸ್ (ಪಠ್ಯದಲ್ಲಿ ಮಾದರಿ ಹುಡುಕುವುದು) ಇವೆಲ್ಲ ಭಾಷೆಯ ಒಳಗಿನವು, ಕಾಣುವುದಿಲ್ಲ. ಡೇಟಾಬೇಸ್ ಡ್ರೈವರ್ ತರಹ ಸಿ ಭಾಷೆಯಲ್ಲಿ ಬರೆದು ಜೋಡಿಸಿದ ಫಂಕ್ಷನ್‌ಗಳೂ ಕಾಣುವುದಿಲ್ಲ. ಹಾಗಾಗಿ ಪರ್ಲ್‌ಕಾಲ್ಸ್ ಹಾಕಿದಾಗ ಎಣಿಕೆ ಸೊನ್ನೆ ಬಂದರೆ ಟೂಲ್ ಕೆಟ್ಟಿದೆ ಅಂದುಕೊಳ್ಳಬೇಡಿ. ಅದೂ ಒಂದು ಉತ್ತರವೇ. ಸೊನ್ನೆ, ಜೊತೆಗೆ ಸ್ಟೇಟ್ ಎಸ್ ಇದ್ದರೆ ಹೊರಗಿನ ಯಾವುದಕ್ಕೋ ಕಾಯುತ್ತಿದೆ. ಸೊನ್ನೆ, ಆದರೆ ಸ್ಟೇಟ್ ಆರ್ ಇದ್ದು ಸಿಪಿಯು ನೂರಕ್ಕೆ ನೂರು ತಿನ್ನುತ್ತಿದ್ದರೆ ಒಂದೇ ಸಬ್‌ರೂಟೀನ್‌ನ ಒಳಗೆ ದೊಡ್ಡ ಲೂಪ್ ಅಥವಾ ಭಾರದ ರೆಜೆಕ್ಸ್. ಆಗ ಇಂಟರ್‌ಪ್ರಿಟರ್‌ನ ಯಾವ ಫಂಕ್ಷನ್ ಸಿಪಿಯು ತಿನ್ನುತ್ತಿದೆ ಅಂತ ತೋರಿಸುವ ಪರ್ಫ್ ಟಾಪ್ -ಪಿ 4312 ಹಾಕಿ. ಮೇಲುಗಡೆ ಎಸ್_ರೆಜ್‌ಮ್ಯಾಚ್ ಕಂಡರೆ ರೆಜೆಕ್ಸ್ ಹಿಂದೆ ಮುಂದೆ ಸುತ್ತುತ್ತಾ ಒದ್ದಾಡುತ್ತಿದೆ. ಪರ್ಲ್_ಎಚ್‌ವಿ_ಕಾಮನ್ ಕಂಡರೆ ಹ್ಯಾಶ್‌ಗಳಲ್ಲಿ ಹುಡುಕಾಟ ಜಾಸ್ತಿ.

ಇಷ್ಟಾದ ಮೇಲೆ ನಿಮ್ಮ ಎಸ್‌ಟ್ರೇಸ್‌ಗೂ ಕೆಲಸ ಬರುತ್ತದೆ. ಲೋಡ್_ರೇಟ್ಸ್ ಮೇಲೆ ಅನುಮಾನ ಬಂದಿದೆ ಅಂದುಕೊಳ್ಳಿ. ಫೈಲ್ ತೆರೆಯುವ ಓಪನ್‌ಎಟ್ ಕರೆಗಳನ್ನು ಮಾತ್ರ ಸೋಸಿ ಒಂದು ಕ್ಷಣ ನೋಡಿದರೆ ಅದೇ ಫೈಲ್ ಹೆಸರು ಮತ್ತೆ ಮತ್ತೆ ಬರುತ್ತದೆ. ಎರಡು ಕಡೆಯಿಂದ ಒಂದೇ ಮಾತು ಸಿಕ್ಕಿದರೆ ಮ್ಯಾನೇಜರ್ ಮುಂದೆ ಇಡಲು ಅಷ್ಟು ಸಾಕು.

ಈಗ ಅಪಾಯದ ವಿಷಯ. ಪ್ರೋಬ್ ಹಾಕುವುದರಿಂದ ಸ್ಕ್ರಿಪ್ಟ್‌ನ ಲೆಕ್ಕ ತಪ್ಪುವುದಿಲ್ಲ, ಡೇಟಾ ಕೆಡುವುದಿಲ್ಲ. ಆಗುವುದು ನಿಧಾನ ಮಾತ್ರ. ಒಂದೊಂದು ಹೊಡೆತಕ್ಕೂ ಕರ್ನಲ್‌ಗೆ ಹೋಗಿ ಬರಬೇಕು, ಮೈಕ್ರೋಸೆಕೆಂಡ್ ಲೆಕ್ಕದ ಖರ್ಚು. ಸೆಕೆಂಡಿಗೆ ಸಾವಿರ ಸಲ ಆದರೆ ಗೊತ್ತೇ ಆಗುವುದಿಲ್ಲ. 3 ಲಕ್ಷ ಸಲ ಆದರೆ, ಒಳಗೆ ಹೊರಗೆ ಸೇರಿ 6 ಲಕ್ಷ ಹೊಡೆತ, ಸ್ಕ್ರಿಪ್ಟ್ ಅರ್ಧ ವೇಗಕ್ಕೆ ಬರಬಹುದು. ಪರ್ಲ್‌ಕಾಲ್ಸ್ ಬರೀ ಎಣಿಸುವಾಗ ಒಳಹೋಗುವ ಪ್ರೋಬ್ ಮಾತ್ರ ಬಳಸುತ್ತದೆ. ಒಟ್ಟು ಲೆಕ್ಕವನ್ನೂ ಕರ್ನಲ್ ಒಳಗೇ ಇಟ್ಟುಕೊಳ್ಳುತ್ತದೆ. ಪರ್ಲ್‌ಫ್ಲೋ ಒಂದೊಂದು ಸಾಲನ್ನೂ ಹೊರಗೆ ತರಬೇಕು, ಅದಕ್ಕೆ ಭಾರ ಜಾಸ್ತಿ. ಬೆಳಗ್ಗೆ ಶಾಖೆ ತೆರೆಯುವ ಹೊತ್ತಿಗೆ ಮುಗಿಯಬೇಕಾದ ಕೆಲಸ ಇದು, ಹಾಗಾಗಿ ಹರಿವನ್ನು ಸೆಕೆಂಡ್‌ಗಳ ಲೆಕ್ಕದಲ್ಲಿ ಹಿಡಿಯಿರಿ, ನಿಮಿಷಗಳ ಲೆಕ್ಕದಲ್ಲಿ ಬೇಡ. ನೀವು ಈಗಾಗಲೇ ಹಾಕಿದ ಎಸ್‌ಟ್ರೇಸ್ ಕೂಡ ಹಗುರದ್ದಲ್ಲ. ಪ್ರತಿ ಸಿಸ್ಟಂ ಕಾಲ್‌ಗೂ ಅದು ಪ್ರೊಸೆಸ್ಸನ್ನು ನಿಲ್ಲಿಸಿ ಬಿಡುತ್ತದೆ.

ಬೇರೆ ಕಡೆ ಓದಿ ನೀವು ಮಾಡಬಾರದ ಒಂದು ಕೆಲಸ ಇದೆ. ಯುಎಸ್‌ಆರ್1 ಸಿಗ್ನಲ್ ಕಳಿಸಿದರೆ ಪರ್ಲ್ ಸ್ಕ್ರಿಪ್ಟ್ ತನ್ನ ಸ್ಟಾಕ್ (ಆ ಕ್ಷಣ ಯಾವುದು ಯಾವುದನ್ನು ಕರೆದಿದೆ ಅನ್ನುವ ಸರಪಳಿ) ಬರೆಯುತ್ತದೆ ಅಂತ ಹಲವರು ಹೇಳುತ್ತಾರೆ. ಸ್ಕ್ರಿಪ್ಟ್ ಒಳಗೆ ಆ ಸಿಗ್ನಲ್‌ಗೆ ಹ್ಯಾಂಡ್ಲರ್ ಬರೆದು, ಅದರಲ್ಲಿ ಕಾರ್ಪ್ ಮಾಡ್ಯೂಲ್‌ನ ಕ್ಲಕ್ ಕರೆದಿದ್ದರೆ ಮಾತ್ರ ಅದು ನಿಜ. ಹ್ಯಾಂಡ್ಲರ್ ಇಲ್ಲದ ಪ್ರೊಸೆಸ್‌ಗೆ ಯುಎಸ್‌ಆರ್1 ಕಳಿಸಿದರೆ ಅದು ಅಲ್ಲೇ ಸಾಯುತ್ತದೆ. ನಿಮ್ಮ ಅರ್ಧಂಬರ್ಧ ಲೆಕ್ಕದ ಭಯ ಆ ಕ್ಷಣ ನಿಜವಾಗುತ್ತದೆ. ಮುಂದೆ ಕೋಡ್ ತಿದ್ದಲು ಅನುಮತಿ ಸಿಕ್ಕಾಗ ಈ ಹ್ಯಾಂಡ್ಲರ್ ಸೇರಿಸಿ ಅಂತ ಖಂಡಿತ ಕೇಳಿಕೊಳ್ಳಿ. ಒಂದೇ ಸಾಲಿನ ಕೆಲಸ, ಉಪಕಾರ ಬಹಳ. ಪರ್ಲ್ 5.8ರಿಂದ ಸಿಗ್ನಲ್ ಹ್ಯಾಂಡ್ಲರ್‌ಗಳು ಎರಡು ಆಪ್‌ಗಳ (ಇಂಟರ್‌ಪ್ರಿಟರ್‌ನ ಒಂದೊಂದು ಸಣ್ಣ ಹೆಜ್ಜೆ) ನಡುವೆ ಮಾತ್ರ ನಡೆಯುತ್ತವೆ, ಹಾಗಾಗಿ ದೊಡ್ಡ ಕ್ವೆರಿಯೊಂದರ ನಡುವೆ ಇದ್ದರೆ ಉತ್ತರ ತಡವಾಗಿ ಬರುತ್ತದೆ, ಅಷ್ಟೇ.

ನಿಮ್ಮ ಪರ್ಲ್‌ನಲ್ಲಿ ಪ್ರೋಬ್ ಇಲ್ಲದಿದ್ದರೆ? ಓಡುತ್ತಿರುವಾಗ ಹರಿವು ನೋಡುವ ಸುಲಭದ ದಾರಿ ಮುಚ್ಚಿತು. ಆದರೆ ಈ ಕ್ಷಣ ಎಲ್ಲಿದೆ ಅಂತ ತಿಳಿಯಬಹುದು. ಜಿಕೋರ್ 4312 ಅಂತ ಕೊಟ್ಟರೆ ಪ್ರೊಸೆಸ್ ಸ್ವಲ್ಪ ಹೊತ್ತು ನಿಂತು, ಅದರ ಮೆಮೊರಿಯ ಪ್ರತಿ ಒಂದು ಫೈಲ್‌ಗೆ ಬೀಳುತ್ತದೆ, ಆಮೇಲೆ ಅದು ಮುಂದೆ ಓಡುತ್ತದೆ. ಆ ಪ್ರತಿಯನ್ನು ಜಿಡಿಬಿಯಲ್ಲಿ ತೆರೆದು, ಪರ್ಲ್‌ನ ಡೀಬಗ್ ಸಿಂಬಲ್‌ಗಳಿದ್ದರೆ, ಇಂಟರ್‌ಪ್ರಿಟರ್‌ನ ಐಕರ್‌ಕಾಪ್ ಅನ್ನುವ ಪಾಯಿಂಟರ್ ಹಿಡಿದು ಕಾಪ್_ಫೈಲ್ ಮತ್ತು ಕಾಪ್_ಲೈನ್ ಓದಬಹುದು. ಈಗ ಓಡುತ್ತಿದ್ದ ಫೈಲ್ ಮತ್ತು ಸಾಲಿನ ಸಂಖ್ಯೆ ಅವೇ. ಥ್ರೆಡ್ ಬೆಂಬಲದ ಜೊತೆ ಕಂಪೈಲ್ ಮಾಡಿದ ಪರ್ಲ್‌ಗೆ ಈ ಮಾತು. ಡೆಬಿಯನ್, ಉಬುಂಟು, ಫೆಡೋರಾಗಳಲ್ಲಿ ಬರುವುದು ಅಂಥದ್ದೇ. ಸ್ವಲ್ಪ ಬಿಟ್ಟು ಬಿಟ್ಟು ಹೀಗೆ ನಾಲ್ಕೈದು ಪ್ರತಿ ತೆಗೆದರೆ ಸಮಯ ಎಲ್ಲಿ ಹೋಗುತ್ತಿದೆ ಅಂತ ಒಂದು ಅಂದಾಜು ಸಿಗುತ್ತದೆ. ಜಿಡಿಬಿಯನ್ನು ನೇರ ಜೀವಂತ ಪ್ರೊಸೆಸ್‌ಗೆ ಹಾಕಿ ಒಳಗೆ ಪರ್ಲ್ ಕೋಡ್ ಓಡಿಸುವ ಒಂದು ವಿಧಾನವೂ ಇದೆ. ಹಣದ ಲೆಕ್ಕ ಮಾಡುತ್ತಿರುವ ಸ್ಕ್ರಿಪ್ಟ್ ಮೇಲೆ ಅದನ್ನು ಮಾಡಬೇಡಿ. ಇಂಟರ್‌ಪ್ರಿಟರ್ ಯಾವ ಸ್ಥಿತಿಯಲ್ಲಿದ್ದಾಗ ನೀವು ಕೈಹಾಕುತ್ತೀರಿ ಅನ್ನುವುದು ನಿಮ್ಮ ಹಿಡಿತದಲ್ಲಿ ಇರುವುದಿಲ್ಲ.

ಟೆಸ್ಟ್ ಸರ್ವರ್‌ನಲ್ಲಿ, ಟೆಸ್ಟ್ ಡೇಟಾಬೇಸ್ ಮೇಲೆ ಸ್ಕ್ರಿಪ್ಟನ್ನು ಶುರುವಿನಿಂದ ಓಡಿಸಲು ಸಾಧ್ಯ ಇದ್ದರೆ ದಾರಿಗಳು ಇನ್ನೂ ಚೆನ್ನಾಗಿವೆ. ಎಲ್ಲಕ್ಕಿಂತ ಒಳ್ಳೆಯದು ಡೆವೆಲ್ ಎನ್‌ವೈಟಿಪ್ರಾಫ್. ಅಮೆರಿಕದ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯಲ್ಲಿ ಹುಟ್ಟಿದ ಪ್ರೊಫೈಲರ್ ಅದು, ಹೆಸರೂ ಅಲ್ಲಿಂದಲೇ. ಪರ್ಲ್ -ಡಿ:ಎನ್‌ವೈಟಿಪ್ರಾಫ್ ಅಂತ (ಇಲ್ಲಿ ಎನ್, ವೈ, ಟಿ, ಪಿ ದೊಡ್ಡಕ್ಷರ) ಓಡಿಸಿ, ಮುಗಿದ ಮೇಲೆ ಎನ್‌ವೈಟಿಪ್ರಾಫ್‌ಎಚ್‌ಟಿಎಂಎಲ್ ಕೊಟ್ಟರೆ ಸಾಲು ಸಾಲಿಗೂ ಸಮಯ, ಯಾರು ಯಾರನ್ನು ಎಷ್ಟು ಸಲ ಕರೆದರು ಎಲ್ಲ ಬ್ರೌಸರ್‌ನಲ್ಲೇ ಓದಬಹುದು. ನಡುವೆ ಸಿಗ್ನಲ್ ಕೊಟ್ಟು ನಿಲ್ಲಿಸುವ ಯೋಚನೆ ಇದ್ದರೆ ಸಿಗ್‌ಎಕ್ಸಿಟ್ ಆಯ್ಕೆ 1 ಅಂತ ಹಾಕಿಕೊಂಡೇ ಶುರು ಮಾಡಿ. ಇಲ್ಲದಿದ್ದರೆ ಬರೆದ ಫೈಲ್ ಅರ್ಧಕ್ಕೆ ನಿಂತು ಓದಲು ಬರುವುದಿಲ್ಲ.

ಏನೂ ಇನ್‌ಸ್ಟಾಲ್ ಮಾಡುವ ಹಾಗಿಲ್ಲ ಅಂದರೆ ಪರ್ಲ್ ಜೊತೆಗೇ ಬರುವ ಡೀಬಗರ್ ಇದೆ. ಪರ್ಲ್‌ಡಿಬಿ_ಆಪ್ಟ್ಸ್ (ಪೂರ್ತಿ ದೊಡ್ಡಕ್ಷರ) ಅನ್ನುವ ಎನ್‌ವಿರಾನ್‌ಮೆಂಟ್ ವೇರಿಯಬಲ್‌ಗೆ ನಾನ್‌ಸ್ಟಾಪ್=1, ಫ್ರೇಮ್=2, ಲೈನ್‌ಇನ್ಫೋ=ಫೈಲ್ ಹೆಸರು ಅಂತ ಕೊಟ್ಟು ಪರ್ಲ್ -ಡಿ ಇಂದ ಸ್ಕ್ರಿಪ್ಟ್ ಓಡಿಸಿ. ಎಲ್ಲೂ ನಿಲ್ಲದೆ ಓಡುತ್ತಾ, ಪ್ರತಿ ಸಬ್‌ರೂಟೀನ್‌ಗೂ ಎಂಟರಿಂಗ್, ಎಕ್ಸಿಟೆಡ್ ಅಂತ ಆ ಫೈಲ್‌ಗೆ ಬರೆಯುತ್ತದೆ. ತುಂಬಾ ನಿಧಾನ, ಹತ್ತಿಪ್ಪತ್ತು ಖಾತೆಗಳ ಸಣ್ಣ ಡೇಟಾ ಕೊಟ್ಟು ಓಡಿಸಿ.

ನಿಮ್ಮಲ್ಲಿ ಬೇರೆ ಭಾಷೆಯ ಸ್ಕ್ರಿಪ್ಟ್‌ಗಳೂ ಇರಬಹುದು, ಅದಕ್ಕೆ ಒಂದು ಮಾತು. ಪೈಥಾನ್‌ಗೆ ಪೈ-ಸ್ಪೈ, ರೂಬಿಗೆ ಆರ್‌ಬಿಸ್ಪೈ, ಪಿಎಚ್‌ಪಿಗೆ ಪಿಎಚ್‌ಪಿಸ್ಪೈ ಇವೆ. ಅವು ಪ್ರತಿ ಕರೆಯನ್ನೂ ಹಿಡಿಯುವುದಿಲ್ಲ, ಆಗಾಗ ಹೊರಗಿನಿಂದ ಮೆಮೊರಿ ಓದಿ ಸ್ಟಾಕ್ ಹೇಳುತ್ತವೆ. ಓಡುತ್ತಿರುವ ಬ್ಯಾಷ್ ಸ್ಕ್ರಿಪ್ಟ್‌ಗೆ ಇಂಥ ಸುಲಭದ ಟೂಲ್ ಇಲ್ಲ. ಶುರುವಿನಲ್ಲೇ ಬ್ಯಾಷ್ -ಎಕ್ಸ್ ಹಾಕಿ ಓಡಿಸಬೇಕು.

ಕೊನೆಗೆ ನಿಮ್ಮ ಸಂಘಕ್ಕೆ ಸಂಬಂಧಪಟ್ಟ ಒಂದು ಎಚ್ಚರಿಕೆ. ಪರ್ಲ್‌ಕಾಲ್ಸ್ ಮತ್ತು ಪರ್ಲ್‌ಫ್ಲೋ ತೋರಿಸುವುದು ಸಬ್‌ರೂಟೀನ್ ಮತ್ತು ಫೈಲ್‌ನ ಹೆಸರು ಮಾತ್ರ. ಅವುಗಳ ಒಳಗೆ ಹೋದ ಮೌಲ್ಯಗಳನ್ನಲ್ಲ. ಹಾಗಾಗಿ ಆ ಫೈಲನ್ನು ಹೊರಗಿನ ತಜ್ಞರಿಗೆ ಕಳಿಸಿದರೂ ಸದಸ್ಯರ ವಿವರ ಹೋಗುವುದಿಲ್ಲ. ಡೀಬಗರ್‌ನಲ್ಲಿ ಫ್ರೇಮ್ 2ರ ಬದಲು 4 ಸೇರಿದ ಸಂಖ್ಯೆ, ಉದಾಹರಣೆಗೆ 6, ಕೊಟ್ಟರೆ ಆರ್ಗ್ಯುಮೆಂಟ್‌ಗಳೂ ಬರುತ್ತವೆ. ಖಾತೆ ಸಂಖ್ಯೆ, ಬಾಕಿ ಎಲ್ಲ ಅದರಲ್ಲಿ ಬೀಳುತ್ತದೆ. ಜಿಕೋರ್ ಪ್ರತಿಯಲ್ಲಂತೂ ಡೇಟಾಬೇಸ್ ಪಾಸ್‌ವರ್ಡ್ ಕೂಡ ಇರಬಹುದು. ಇಂಥ ಫೈಲ್‌ಗಳನ್ನು ತೆಗೆಯುವ ಮೊದಲು ಬೇರೆ ಬಳಕೆದಾರರು ಅವನ್ನು ಓದದಂತೆ ಯುಮಾಸ್ಕ್ 077 ಹಾಕಿಕೊಳ್ಳಿ, ಸರ್ವರ್‌ನಿಂದ ಹೊರಗೆ ಒಯ್ಯಬೇಡಿ, ನೋಡಿ ಮುಗಿಸಿದ ದಿನವೇ ಅಳಿಸಿ.